ಹಲಗೆ ಯಾರದೇ ಇರಲಿ, ಅಕ್ಷರ ನಮ್ಮದಿರಲಿ!

(ಹೊಸದುರ್ಗ ತಾಲ್ಲೂಕಿನ ಬಾಗೂರಿನಲ್ಲಿ, ಹಬ್ಬಕ್ಕೆ ಊರಿಗೆ ಬಂದಿದ್ದ ಯುವಕರ ಮುಂದೆ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತುಗಳು)



ಬೆಂಗಳೂರು, ಮೈಸೂರು, ದಾವಣಗೆರೆಯಿಂದ ಬಂದಿರುವ ನೀವೆಲ್ಲ ಕೇಳುವ ಪ್ರಶ್ನೆ ಒಂದೇ. "ಇ-ರೀಡರ್ ತಗೋಬೇಕು. ಕಿಂಡಲ್ಲೋ, ಕೋಬೋನೋ, ಬೂಕ್ಸೋ?" ಕಾಗದ ನಂಬಿ ಬದುಕುವ ಪ್ರೆಸ್ಸಿನವನನ್ನು ಇದನ್ನು ಕೇಳುವುದು ತಮಾಷೆಯೇ ಸರಿ! ಆದರೂ ಹೇಳುತ್ತೇನೆ. ಅಕ್ಷರ ನೆಟ್ಟಗೆ ಕೂತಿದೆಯೋ ಇಲ್ಲವೋ ನೋಡುವುದೇ ನನ್ನ ಕಸುಬು. ನಮ್ಮ ಜಿಲ್ಲೆಯ ತಮಟಕಲ್ಲಿನಲ್ಲಿ ಕನ್ನಡ ಕಲ್ಲಿನ ಮೇಲೆ ಕೂತಿತು. ಆಮೇಲೆ ತಾಳೆಗರಿ, ಆಮೇಲೆ ಕಾಗದ, ಈಗ ಈ ಹಲಗೆ. ಹಲಗೆ ಬದಲಾದರೆ ಚಿಂತೆಯಿಲ್ಲ. ಅದರ ಮೇಲೆ ಕನ್ನಡವೇ ಇಲ್ಲದಿದ್ದರೆ ಚಿಂತೆ!

ಮೊದಲು ಯಂತ್ರದ ಮಾತು. ಇ-ರೀಡರ್‌ನ ಪರದೆಯೊಳಗೆ ಕೂದಲೆಳೆಯಷ್ಟು ದಪ್ಪದ ಪುಟ್ಟ ಪುಟ್ಟ ಗುಳಿಗೆಗಳಿವೆ. ಅವುಗಳಲ್ಲಿ ಕಪ್ಪು ಕಣ, ಬಿಳಿ ಕಣ. ವಿದ್ಯುತ್ ಕೊಟ್ಟಾಗ ಬೇಕಾದ ಕಣ ಮೇಲೆ ಬರುತ್ತದೆ, ಆಮೇಲೆ ಅಲ್ಲೇ ನಿಲ್ಲುತ್ತದೆ. ಪುಟ ತಿರುಗಿಸುವಾಗ ಮಾತ್ರ ಖರ್ಚು, ಅದಕ್ಕೇ ಬ್ಯಾಟರಿ ವಾರಗಟ್ಟಲೆ ಬರುತ್ತದೆ. ಇಂದಿನ ಒಳ್ಳೆಯ ಮಾದರಿಗಳಲ್ಲಿ ಅಂಗುಲಕ್ಕೆ 300 ಚುಕ್ಕಿ. ಡಿಟಿಪಿ ಶುರುವಾದಾಗ ಲೇಸರ್ ಪ್ರಿಂಟರ್ ಕೊಡುತ್ತಿದ್ದದ್ದೂ ಇಷ್ಟೇ. ಈ ಮೂರೂ ಬ್ರ್ಯಾಂಡು ಬಳಸುವುದು ಇದೇ ಇ-ಇಂಕ್ ಪರದೆ. ಹಾಗಾಗಿ ಪರದೆಯ ವಿಚಾರದಲ್ಲಿ ದೊಡ್ಡ ಜಗಳವಿಲ್ಲ.

ಜಗಳ ಇರುವುದು ಕನ್ನಡದಲ್ಲಿ!

2016ರ ಡಿಸೆಂಬರ್‌ನಲ್ಲಿ ಅಮೆಜಾನ್ ಕಿಂಡಲ್ ಅಂಗಡಿಯಲ್ಲಿ ಭಾರತೀಯ ಭಾಷೆಯ ಪುಸ್ತಕಗಳ ಬಾಗಿಲು ತೆರೆಯಿತು. ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ. ಐದು ಭಾಷೆ. ಕನ್ನಡ ಎಲ್ಲಿ? ಓದುವ ಜನ ಕಡಿಮೆ ಅಂತೀರಾ? 2011ರ ಜನಗಣತಿ ತೆಗೆದು ನೋಡಿ. ಮಲಯಾಳಂ ಮಾತಾಡುವವರು ಸುಮಾರು 3.48 ಕೋಟಿ, ಕನ್ನಡಿಗರು ಸುಮಾರು 4.37 ಕೋಟಿ. ಮಲಯಾಳಿಗಳ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ, ಅವರಿಗೆ ಸಿಕ್ಕಿದ್ದು ಸಂತೋಷ. ಆದರೆ ತಲೆ ಎಣಿಕೆ ನೆಪವಾಗಲಾರದು ಎಂಬುದನ್ನು ನೆನಪಿಡಿ.

ಈಗ ಒಂದೊಂದಾಗಿ ನೋಡೋಣ.

ಕಿಂಡಲ್: ಗಟ್ಟಿಮುಟ್ಟು, ಸಲೀಸು, ಇಂಗ್ಲಿಷ್ ಪುಸ್ತಕದ ಸಾಗರ. 2018ರಿಂದ ನಮ್ಮದೇ ಫಾಂಟು ಹಾಕಬಹುದು, 2022ರಿಂದ ಇಪಬ್ ಕಡತವನ್ನು ಅಮೆಜಾನ್ ಮೂಲಕ ಕಳಿಸಿಕೊಳ್ಳಬಹುದು. ಆದರೆ ಅಂಗಡಿಯ ಬೀಗದಕೈ ಅವರ ಸೊಂಟದಲ್ಲಿದೆ. 2009ರಲ್ಲಿ, ಕೊಂಡವರ ಕಿಂಡಲ್‌ಗಳಿಂದಲೇ ಜಾರ್ಜ್ ಆರ್ವೆಲ್‌ರ ಪುಸ್ತಕಗಳನ್ನು ಅಮೆಜಾನ್ ದೂರದಿಂದಲೇ ಅಳಿಸಿಹಾಕಿತ್ತು. ಕೊಂಡ ಪುಸ್ತಕವನ್ನು ಕಂಪ್ಯೂಟರಿಗೆ ಇಳಿಸಿ ಕೇಬಲ್ಲಿನಲ್ಲಿ ಸಾಗಿಸುವ ದಾರಿಯನ್ನು 2025ರ ಫೆಬ್ರವರಿಯಲ್ಲಿ ಮುಚ್ಚಿತು.

ಕೋಬೋ: ಕೆನಡಾದಲ್ಲಿ ಹುಟ್ಟಿದ್ದು, ಈಗ ಜಪಾನಿನ ರಕುಟೆನ್ ಕೈಯಲ್ಲಿದೆ. ಇಪಬ್ ಕಡತವನ್ನು ಕೇಬಲ್ ಹಾಕಿ ನೇರವಾಗಿ ತುಂಬಬಹುದು. ಕನ್ನಡ ಫಾಂಟನ್ನೂ ಅದರೊಳಗೆ ಇಡಬಹುದು. ಆದರೆ ಕೆಟ್ಟರೆ ರಿಪೇರಿ ಎಲ್ಲಿ ಎಂದು ಕೇಳಿಕೊಂಡೇ ದುಡ್ಡು ಕೊಡಿ.

ಓನಿಕ್ಸ್ ಬೂಕ್ಸ್: ಚೀನಾದ್ದು, ಆಂಡ್ರಾಯ್ಡ್ ಮೇಲೆ ಓಡುತ್ತದೆ. ಫೋನಿಗೆ ಆಪ್ ಹಾಕಿದಂತೆ ಇದಕ್ಕೂ ಹಾಕಬಹುದು. 2020ರಲ್ಲಿ ಶುರುವಾದ ಮೈಲ್ಯಾಂಗ್‌ನಂಥ ಕನ್ನಡ ಪುಸ್ತಕದ ಆಪ್ ಬಳಸುವವರಿಗೆ ಈ ದಾರಿ ಹತ್ತಿರ. ಬ್ಯಾಟರಿ ಮಾತ್ರ ಉಳಿದೆರಡರಷ್ಟು ಬಾಳುವುದಿಲ್ಲ, ಬೆಲೆಯೂ ಸಾಮಾನ್ಯವಾಗಿ ಜಾಸ್ತಿ.

ಯಾವುದನ್ನೇ ಕೊಳ್ಳಿ, ಪ್ರೆಸ್ಸಿನವನ ನಾಲ್ಕು ಪರೀಕ್ಷೆ ಮಾಡಿ.

ಒಂದು, ಒತ್ತಕ್ಷರ. ಸ್ತ್ರೀ, ರಾಷ್ಟ್ರ, ಸೂರ್ಯ, ಲಕ್ಷ್ಮೀ, ಉತ್ಕ್ರಾಂತಿ. ಈ ಐದು ಪದ ಬರೆದ ಇಪಬ್ ಕಡತವೊಂದನ್ನು ಹಾಕಿ ನೋಡಿ. ಒತ್ತು ಬಿಟ್ಟುಹೋಗಿ ಪಕ್ಕದಲ್ಲಿ ಅರ್ಧಾಕ್ಷರ ನಿಂತರೆ ಫಾಂಟು ಬದಲಿಸಿ. ಆಗಲೂ ಸರಿಹೋಗದಿದ್ದರೆ ವಾಪಸ್ ಕೊಡಿ!

ಎರಡು, ಸಾಲಿನ ಅಂತರ. ಇಂಗ್ಲಿಷಿಗೆ ಸಾಕಾಗುವ ಅಂತರ ಕನ್ನಡಕ್ಕೆ ಸಾಲದು. ನಮ್ಮ ಒತ್ತು ಕೆಳಕ್ಕೆ ಇಳಿಯುತ್ತದೆ, ಗುಡಿಸು ಮೇಲಕ್ಕೇರುತ್ತದೆ. ಅಂತರ ಹಿಗ್ಗಿಸುವ ಸೌಲಭ್ಯ ಇರಲೇಬೇಕು.

ಮೂರು, ಕಡತದ ಜಾತಕ. ನಮ್ಮ ಡಿಟಿಪಿ ಕೋಣೆಗಳಲ್ಲಿ ವರ್ಷಗಟ್ಟಲೆ ಕೆಲಸ ನಡೆದದ್ದು ನುಡಿ, ಬರಹ, ಶ್ರೀಲಿಪಿಯ ಹಳೇ ಫಾಂಟುಗಳಲ್ಲಿ. ಕಣ್ಣಿಗೆ ಕಾಣುವುದು ಕನ್ನಡ, ಒಳಗಿರುವುದು ಇಂಗ್ಲಿಷ್ ಅಕ್ಷರದ ಸಂಖ್ಯೆ. ಆ ಫಾಂಟು ಇಲ್ಲದ ಕಡೆ ತೆರೆದರೆ ಬರೀ ಗೀಚು. 1991ರ ಮೊದಲ ಆವೃತ್ತಿಯಲ್ಲೇ ಯೂನಿಕೋಡ್ ಕನ್ನಡಕ್ಕೆ ಸ್ವಂತ ಸಂಖ್ಯೆ ಕೊಟ್ಟಿದೆ. ನಿಮಗೆ ಬೇಕಾದದ್ದು ಆ ಯೂನಿಕೋಡ್ ಕಡತ. ಪರೀಕ್ಷೆಗೆ ಕನ್ನಡ ವಿಕಿಸೋರ್ಸ್‌ನಿಂದ ಪುಸ್ತಕವೊಂದನ್ನು ಪುಕ್ಕಟೆ ಇಳಿಸಿಕೊಳ್ಳಿ.

ನಾಲ್ಕು, ಅಳತೆ. ಡೆಮಿ ಅಷ್ಟಪತ್ರದ ಪುಟ ಹೆಚ್ಚುಕಡಿಮೆ ಐದೂವರೆ ಅಂಗುಲ ಅಗಲ, ಎಂಟೂವರೆ ಅಂಗುಲ ಎತ್ತರ. ಅದರ ಪಿಡಿಎಫ್ಫನ್ನು 6 ಅಂಗುಲದ ಪರದೆಗೆ ತುರುಕಿದರೆ 12 ಪಾಯಿಂಟಿನ ಅಕ್ಷರ 7 ಪಾಯಿಂಟಿಗೆ ಇಳಿಯುತ್ತದೆ. ಸ್ಕ್ಯಾನ್ ಮಾಡಿದ ಹಳೇ ಪುಸ್ತಕ ಓದುವವರು 10 ಅಂಗುಲದ್ದಕ್ಕೇ ಹೋಗಿ.

ಇನ್ನು ನನ್ನ ತೀರ್ಪು. ಓದುವುದೆಲ್ಲ ಇಂಗ್ಲಿಷ್ ಎನ್ನುವವರಿಗೆ ಕಿಂಡಲ್ ಸಾಕು. ಕನ್ನಡದ ಇಪಬ್ ಕೈಯಲ್ಲಿದ್ದವರಿಗೆ ಕೋಬೋ. ಕನ್ನಡ ಆಪ್‌ಗಳಲ್ಲಿ ಕೊಂಡು ಓದುವವರಿಗೆ ಬೂಕ್ಸ್. ದುಡ್ಡಿಲ್ಲವೇ? ಕೈಯಲ್ಲಿರುವ ಫೋನೇ ಸಾಕು, ಉಳಿದ ಹಣದಲ್ಲಿ ಪುಸ್ತಕ ಕೊಳ್ಳಿ.

ಕೊನೆಯದಾಗಿ ಒಂದು ಕಹಿ ಮಾತು. ಕಳ್ಳ ಪಿಡಿಎಫ್‌ಗಳನ್ನು ವಾಟ್ಸಾಪಿನಲ್ಲಿ ಹಂಚುವವರೂ ನಾವೇ, "ಕನ್ನಡದಲ್ಲಿ ಇ-ಪುಸ್ತಕ ಇಲ್ಲ" ಎಂದು ಗೊಣಗುವವರೂ ನಾವೇ! ಲೇಖಕನಿಗೆ ಕಾಸು ಸಿಗದೆ, ಪ್ರಕಾಶಕನಿಗೆ ಧೈರ್ಯ ಬಾರದೆ ಪುಸ್ತಕ ಎಲ್ಲಿಂದ ಬರಬೇಕು? ಕನ್ನಡ ಇ-ಪುಸ್ತಕ ಕಂಡರೆ ಹಣ ಕೊಟ್ಟು ಕೊಳ್ಳಿ. ಅಂಗಡಿಯಲ್ಲಿ "ಇದರಲ್ಲಿ ಕನ್ನಡ ಬರುತ್ತಾ?" ಎಂದು ಕನ್ನಡದಲ್ಲೇ ಕೇಳಿ. ಒಬ್ಬ ಕೇಳಿದರೆ ನಗುತ್ತಾರೆ, ನೂರು ಜನ ಕೇಳಿದರೆ ಕಂಪನಿಗೆ ಬರೆಯುತ್ತಾರೆ. ಅಳದ ಕೂಸಿಗೆ ಹಾಲಿಲ್ಲ, ಗೆಳೆಯರೇ. ಮುಂದಿನ ಪಟ್ಟಿ ಬರುವ ಹೊತ್ತಿಗಾದರೂ ಗಟ್ಟಿಯಾಗಿ ಕೇಳಿರೋಣ!