ಬಿಟ್ಟಿಯಲ್ಲದ ದುಡಿಮೆ

‘ಬಿಟ್ಟಿ’ ಎಂಬ ನಮ್ಮ ಮಾತು ಸಂಸ್ಕೃತದ ‘ವಿಷ್ಟಿ’ಯ ತದ್ಭವ. ಆಳುವವರು ಕೂಲಿ ಕೊಡದೆ ಬಲವಂತದಿಂದ ಮಾಡಿಸುತ್ತಿದ್ದ ಕೆಲಸಕ್ಕೆ ಆ ಹೆಸರು. ಬಿಟ್ಟಿಯಾಗಿ ಆದದ್ದು ಗಟ್ಟಿಯಾಗಿರದು ಎಂಬ ತಾತ್ಸಾರ ಇಂದಿಗೂ ಆ ಮಾತಿಗೆ ಅಂಟಿಕೊಂಡೇ ಇದೆ. ಹಾಗಾದರೆ ಕೂಲಿಯೂ ಇಲ್ಲದೆ, ಬಲವಂತವೂ ಇಲ್ಲದೆ, ತಾವಾಗಿ ಬಂದ ಜನ ಒಂದು ರೈಲನ್ನೇ ನಡೆಸಬಲ್ಲರೆ? ನಡೆಸಿದ್ದಾರೆ. ಆ ವೃತ್ತಾಂತವನ್ನು ತಮ್ಮ ಮುಂದಿಡುತ್ತೇನೆ.

ಬ್ರಿಟನ್ನಿನ ಪಶ್ಚಿಮಕ್ಕೆ ವೇಲ್ಸ್ ಎಂಬ ಗುಡ್ಡಗಾಡಿನ ನಾಡು. ಅಲ್ಲಿ ಕಡಲಂಚಿನ ಟವಿನ್ ಊರಿನಿಂದ ಒಳಗಣ ಕಣಿವೆಗೆ ೧೮೬೦ರ ದಶಕದಲ್ಲಿ ಒಂದು ಪುಟ್ಟ ರೈಲುದಾರಿಯಾಯಿತು. ಹೆಸರು ಟಾಲಿಲಿನ್ ರೈಲ್ವೆ. ಎರಡು ಕಂಬಿಗಳ ನಡುವೆ ೨ ಅಡಿ ೩ ಅಂಗುಲ ಮಾತ್ರ ಅಂತರ. ಮನೆಯ ಮಾಡಿಗೆ ಹೊದಿಸುವ ಸ್ಲೇಟುಕಲ್ಲನ್ನು ಬೆಟ್ಟದ ಗಣಿಯಿಂದ ಇಳಿಸಿ ತರುವುದೇ ಅದರ ಮುಖ್ಯ ಕಸುಬು. ಜೊತೆಗೆ ಜನರನ್ನೂ ಒಯ್ಯುತ್ತಿತ್ತು. ನಾವು ಬಾಲ್ಯದಲ್ಲಿ ಮಗ್ಗಿ ಬರೆದು ಉಜ್ಜಿದ ಸ್ಲೇಟೂ ಅದೇ ಜಾತಿಯ ಕಲ್ಲು. ಕಟ್ಟುವಾಗಲೇ ಒಂದು ಎಡವಟ್ಟಾಗಿತ್ತು. ಸೇತುವೆಗಳ ಕೆಳಗೆ ಗಾಡಿಗೂ ಗೋಡೆಗೂ ನಡುವೆ ಸಾಕಷ್ಟು ಎಡೆಯಿರಲಿಲ್ಲ. ಸೇತುವೆ ಒಡೆಯುವ ಬದಲು ಅಲ್ಲಿ ಹಳಿಯನ್ನು ಒಂದು ಮಗ್ಗುಲಿಗೆ ಸರಿಸಿ, ಗಾಡಿಗಳ ಒಂದು ಪಕ್ಕದ ಬಾಗಿಲುಗಳನ್ನು ಮುಚ್ಚಿಯೇ ಬಿಟ್ಟರು!

೧೯೧೧ರಲ್ಲಿ ಗಣಿಯನ್ನೂ ರೈಲನ್ನೂ ಹೆನ್ರಿ ಹೇಡನ್ ಜೋನ್ಸ್ ಎಂಬವರು ಕೊಂಡರು. ೧೯೪೬ರ ಕೊನೆಯಲ್ಲಿ ಗಣಿ ಕುಸಿದು ಮುಚ್ಚಿತು. ಸಾಗಿಸಲು ಕಲ್ಲೇ ಇಲ್ಲ. ಆದರೂ ತಾವು ಬದುಕಿರುವ ತನಕ ರೈಲು ನಿಲ್ಲದೆಂದು ಆ ಹಿರಿಯರು ಮಾತು ಕೊಟ್ಟಿದ್ದರು, ಉಳಿಸಿಕೊಂಡರು. ೧೯೫೦ರ ಜುಲೈ ತಿಂಗಳಲ್ಲಿ ಅವರು ತೀರಿಕೊಂಡಾಗ ರೈಲಿನ ಆಯುಸ್ಸೂ ಮುಗಿಯುವಂತಿತ್ತು.

ಆಗ ಎಲ್. ಟಿ. ಸಿ. ರೋಲ್ಟ್ ಎಂಬ ಲೇಖಕರೂ ಅವರ ಗೆಳೆಯರೂ ಅಕ್ಟೋಬರಿನಲ್ಲಿ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಸಭೆ ಕರೆದು ಒಂದು ಸಂಘ ಕಟ್ಟಿದರು. ೧೯೫೧ರ ಮೇ ೧೪ರಂದು ಸಂಘದ ಮೊದಲ ರೈಲು ಹೊರಟಿತು. ಸ್ವಯಂಸೇವಕರು ಉಳಿಸಿ ನಡೆಸಿದ ರೈಲುಗಳಲ್ಲಿ ಜಗತ್ತಿಗೇ ಇದು ಮೊದಲನೆಯದು.

ನಿಜವಾದ ಪರೀಕ್ಷೆ ಬಂದದ್ದು ಅಲ್ಲಿಂದ ಮುಂದೆ. ಓಡಬಲ್ಲ ಎಂಜಿನ್ ಒಂದೇ ಒಂದು. ೧೮೬೬ರಲ್ಲಿ ತಯಾರಾದ ‘ಡೊಲ್ಗೋಖ್’. ಹಳಿಯ ಕೆಳಗಣ ಮರದ ದಿಮ್ಮಿಗಳು ಕೊಳೆತಿದ್ದವು. ಕಂಬಿಗಳನ್ನು ಹಿಡಿದಿದ್ದುದು ಬೆಳೆದು ಹೆಣೆದ ಹುಲ್ಲಿನ ಬೇರು. ಪಕ್ಕದ ಕಾರಿಸ್ ರೈಲ್ವೆ ಮುಚ್ಚಿಹೋಗಿತ್ತು. ಅದರ ಎರಡು ಎಂಜಿನ್‌ಗಳನ್ನು ತಲಾ ೨೫ ಪೌಂಡಿಗೆ ಕೊಂಡು ತಂದರು. ಅವುಗಳಲ್ಲೊಂದನ್ನು ಹಳಿಯ ಮೇಲೆ ಓಡಿಸಿ ನೋಡಿದರೆ ಚಕ್ರಗಳು ಕಂಬಿಗಳ ನಡುವಿಗೆ ಜಾರಿಬಿದ್ದವು! ಕಾರಣ ಇಷ್ಟೆ: ಕಂಬಿಗಳು ಅಗಲಿಹೋಗಿದ್ದವು; ಡೊಲ್ಗೋಖ್‌ನ ಅಗಲ ಚಕ್ರ ಅದನ್ನು ತಾಳಿಕೊಂಡಿತ್ತು, ಈ ಎಂಜಿನ್ನಿನ ಸಪೂರ ಚಕ್ರ ತಾಳಲಿಲ್ಲ. ೮೫ ವರ್ಷದ ಮುದಿ ಯಂತ್ರವೊಂದೇ ಆ ಬೇಸಗೆಯನ್ನೆಲ್ಲ ಎಳೆಯಬೇಕಾಯಿತು. ಅದು ಕೆಟ್ಟಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

ರೈಲೆಂದರೆ ಎಂಜಿನ್ ನಡೆಸುವ ಆಸೆ ಯಾರಿಗಿಲ್ಲ? ಆದರೆ ಆ ರೈಲನ್ನು ಉಳಿಸಿದ್ದು ಹಾರೆ, ಸಲಿಕೆ. ರಜೆಯ ದಿನಗಳಲ್ಲಿ ದೂರದಿಂದ ಬಂದವರು ಹುಲ್ಲು ಕಿತ್ತರು, ದಿಮ್ಮಿ ಬದಲಿಸಿದರು, ಕಂಬಿಯ ಅಂತರ ಅಳೆದು ಬಿಗಿದರು. ಮಾರನೆಯ ವರ್ಷ ಕಾರಿಸ್‌ನ ಇನ್ನೊಂದು ಎಂಜಿನ್ ಕೆಲಸಕ್ಕೆ ನಿಂತಿತು. ಸಂಬಳದ ಕೆಲವರು ಅಂದೂ ಇದ್ದರು, ಇಂದೂ ಇದ್ದಾರೆ. ಆದರೆ ಸ್ವಯಂಸೇವಕರಿಲ್ಲದೆ ಆ ರೈಲಿಲ್ಲ. ೧೯೭೬ರಲ್ಲಿ ಪ್ರಯಾಣಿಕರ ದಾರಿಯನ್ನು ಇನ್ನಷ್ಟು ಮುಂದಕ್ಕೆ ಬೆಳೆಸಿದರು. ಈಗ ಅದು ಸುಮಾರು ಏಳೂಕಾಲು ಮೈಲಿ. ೨೦೨೧ರಲ್ಲಿ ಯುನೆಸ್ಕೋ ವಾಯವ್ಯ ವೇಲ್ಸಿನ ಸ್ಲೇಟುನಾಡನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದಾಗ ಈ ರೈಲೂ ಅದರಲ್ಲಿ ಸೇರಿತು.

ವನಮಹೋತ್ಸವದ ದಿನ ಗಿಡ ನೆಡಲು ಎಷ್ಟು ಮಂದಿ ಮುಂದೆ ಬರುತ್ತಾರೆ, ಬೇಸಗೆಯಲ್ಲಿ ಅದಕ್ಕೆ ನೀರು ಹೊರಲು ಎಷ್ಟು ಮಂದಿ ಉಳಿಯುತ್ತಾರೆ ಎಂಬುದನ್ನು ಉಪಾಧ್ಯಾಯನಾದ ನಾನು ಬಲ್ಲೆ. ರೈಲಿನಲ್ಲಿ ಕುಳಿತವನ ಜೀವಕ್ಕೆ, ಬಿಗಿದ ಕೈ ಕೂಲಿಯದೋ ಪ್ರೀತಿಯದೋ ಎಂಬ ಭೇದವಿಲ್ಲ. ಬಿಗಿ ಸರಿಯಾಗಿರಬೇಕು, ಅಷ್ಟೆ. ಅದನ್ನು ಅರಿತು ದುಡಿದವರ ಕೆಲಸವನ್ನು ‘ಬಿಟ್ಟಿ’ ಎನ್ನಲು ನನಗೆ ನಾಲಗೆ ಏಳುವುದಿಲ್ಲ. ತಮ್ಮ ಊರಿನ ಕೆರೆಯನ್ನೋ ವಾಚನಾಲಯವನ್ನೋ ಉಳಿಸಬೇಕೆಂದು ತಾವು ನಾಲ್ವರನ್ನು ಸೇರಿಸುವ ದಿನ, ಹುಲ್ಲು ಕೀಳುವವರು ಯಾರೆಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಿ.