ಭಾನುವಾರ ತಿದ್ದಿದ ಪುಸ್ತಕ

(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಆಡಿದ ಮಾತುಗಳ ಬರಹರೂಪ. ಲೇಖಕರು 2004–05ನೇ ಸಾಲಿನ ಹಳೆಯ ವಿದ್ಯಾರ್ಥಿ, ಬಿ.ಇ., ಸಾಫ್ಟ್‌ವೇರ್ ಎಂಜಿನಿಯರ್)



ನನಗೆ ಕೊಟ್ಟ ವಿಷಯ ಕಂಪ್ಯೂಟರ್ ಮತ್ತು ಹಳ್ಳಿಯ ಯುವಕರು. ಅದರ ಬಗ್ಗೆ ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ. ನಾನು ಇವತ್ತು ನಮ್ಮ ಗಣಿತದ ಮೇಡಂ ಮತ್ತು ಇಂಗ್ಲಿಷ್ ಮೇಷ್ಟ್ರು ದಿನಾ ಮಾಡುತ್ತಿದ್ದ ಕೆಲಸದ ಬಗ್ಗೆ ಹೇಳುತ್ತೇನೆ. ಇಬ್ಬರೂ ಇಲ್ಲೇ ಕೂತಿರುವುದರಿಂದ ಸ್ವಲ್ಪ ಕೈ ನಡುಗುತ್ತಿದೆ.

ಮೊದಲು ಮೇಡಂ. ಹತ್ತನೇ ತರಗತಿಯಲ್ಲಿ ನಾವು ಅರ್ಧಕ್ಕರ್ಧ ಮಂದಿ ಎರಡು ಸಂಖ್ಯೆಗಳನ್ನು ಕೂಡಿಸಿ ವರ್ಗ ಮಾಡು ಅಂದರೆ ಬಿಡಿಬಿಡಿಯಾಗಿ ವರ್ಗ ಮಾಡಿ ಕೂಡಿಸಿಬಿಡುತ್ತಿದ್ದೆವು. ಸೂತ್ರವನ್ನು ನೂರು ಸಲ ಬರೆಸಿದರೂ ಮಾರನೇ ದಿನ ಅದೇ ತಪ್ಪು. ಒಂದು ದಿನ ಮೇಡಂ ಆಟದ ಸಾಮಾನಿನ ಕೋಣೆಯಿಂದ ಸುಣ್ಣದ ಪುಡಿ ತರಿಸಿ, ಮೈದಾನದಲ್ಲಿ 13 ಅಡಿಯ ಚೌಕ ಹಾಕಿಸಿದರು. ಒಂದು ಮೂಲೆಯಲ್ಲಿ 10 ಅಡಿಯ ಚೌಕ, ಎದುರು ಮೂಲೆಯಲ್ಲಿ 3 ಅಡಿಯದು. ‘ನೂರು, ಒಂಬತ್ತು, ಎರಡೂ ಸೇರಿ 109. ಹೊಲ ಇರೋದು 169 ಚದರ ಅಡಿ. ಮಿಕ್ಕ 60 ಯಾರು ಒತ್ತುವರಿ ಮಾಡಿದ್ರೋ?’ ಅಂದರು. ಎಲ್ಲರೂ ನಕ್ಕೆವು. ಆಮೇಲೆ ಪಕ್ಕದಲ್ಲಿ ಉಳಿದಿದ್ದ ಎರಡು ಪಟ್ಟಿಗಳು ಕಂಡವು. ಹತ್ತು ಮೂರಲೆ ಮೂವತ್ತು, ಹತ್ತು ಮೂರಲೆ ಮೂವತ್ತು. ಒತ್ತುವರಿ ಅಂದರೆ ಏನು ಅಂತ ನಮ್ಮೂರಿನ ಮಕ್ಕಳಿಗೆ ಬೇರೆ ಹೇಳಿಕೊಡಬೇಕಾಗಿರಲಿಲ್ಲ.

ಮೇಡಂ ಮಾಡಿದ ಇನ್ನೊಂದು ಕೆಲಸ ಯಾವ ವರದಿಯಲ್ಲೂ ಬಂದಿರಲಾರದು. ಪ್ರಮೇಯ ಬರೆಸುವಾಗ ದತ್ತ, ಸಾಧನೀಯ, ರಚನೆ, ಸಾಧನೆ ಎಂದು ಕನ್ನಡದಲ್ಲೇ ಬರೆಸುತ್ತಿದ್ದರು. ಆದರೆ ಬೋರ್ಡಿನ ಬಲಮೂಲೆಯಲ್ಲಿ ದಿನಾ ಮೂರು ಇಂಗ್ಲಿಷ್ ಮಾತು ಇರುತ್ತಿದ್ದವು. ಸ್ಪರ್ಶಕಕ್ಕೆ ಟ್ಯಾಂಜೆಂಟ್, ತ್ರಿಜ್ಯಕ್ಕೆ ರೇಡಿಯಸ್, ಕರಣಿಗೆ ಸರ್ಡ್. ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಇಳಿಸಿಕೊಳ್ಳಬೇಕು. ಪರೀಕ್ಷೆಗೆ ಬರದಿದ್ದರೆ ಯಾಕೆ ಬರೆಯಬೇಕು ಅಂತ ನಾವು ಗೊಣಗಿದ್ದೆವು. ಪಿಯುಸಿ ವಿಜ್ಞಾನಕ್ಕೆ ಸೇರಿ, ಎಲ್ಲವೂ ಇಂಗ್ಲಿಷಿನಲ್ಲಿ ಶುರುವಾದಾಗ, ಕನ್ನಡ ಮಾಧ್ಯಮದಿಂದ ಬಂದ ಕೆಲವರು ತಿಂಗಳೊಳಗೆ ಕಲಾ ವಿಭಾಗಕ್ಕೆ ಹೋದರು. ದಡ್ಡರಾಗಿದ್ದರು ಅಂತಲ್ಲ, ಗೊತ್ತಿದ್ದ ಗಣಿತವೇ ಅವರಿಗೆ ಗುರುತು ಸಿಗಲಿಲ್ಲ. ನನ್ನ ಹತ್ತಿರ ಆ ಹಿಂದಿನ ಹಾಳೆ ಇತ್ತು.

ಇವರು ಗಣಿತ ಒಂದನ್ನೇ ಮಾಡುತ್ತಿದ್ದವರೂ ಅಲ್ಲ. ಭೌತಶಾಸ್ತ್ರ, ರಸಾಯನಶಾಸ್ತ್ರವೂ ಅವರದೇ. ಮೇಷ್ಟ್ರಿಗೆ ಇಂಗ್ಲಿಷ್ ಜೊತೆ ಸಮಾಜ. 2004ರ ಏಪ್ರಿಲ್‌ನಲ್ಲಿ ಲೋಕಸಭೆಗೂ ವಿಧಾನಸಭೆಗೂ ಒಟ್ಟಿಗೇ ಚುನಾವಣೆ ಬಂದಾಗ ಇಬ್ಬರೂ ಮತಗಟ್ಟೆ ಕೆಲಸಕ್ಕೆ ಹೋದರು. ನಾವು ಅದನ್ನು ರಜೆಯ ಲೆಕ್ಕಕ್ಕೆ ಹಾಕಿಕೊಂಡಿದ್ದೆವು!

ಈಗ ಮೇಷ್ಟ್ರ ವಿಷಯ. ಅದನ್ನು ಹೇಳುವುದು ನನಗೆ ಕಷ್ಟ.

ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ಮೀಟಿಂಗಿನಲ್ಲಿ ನನಗೆ ಬಾಯಿ ಬರುತ್ತಿರಲಿಲ್ಲ. ಒಂದು ದಿನ ಕ್ಯಾಂಟೀನಿನಲ್ಲಿ ಯಾರೋ ಅದನ್ನೇ ಎತ್ತಿ ಆಡಿದಾಗ, ‘ನಮ್ಮ ಹಳ್ಳಿ ಸ್ಕೂಲಲ್ಲಿ ಇಂಗ್ಲಿಷ್ ಯಾರು ಕಲಿಸ್ತಾರೆ ಬಿಡಿ’ ಅಂದೆ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೂ ಎಷ್ಟೋ ವರ್ಷ ಇದೇ ಮಾತನ್ನು ಅಲ್ಲಿ ಇಲ್ಲಿ ಹೇಳಿದ್ದೇನೆ. ಅದೇ ಸಮಯದಲ್ಲಿ ನಾನು ಬರೆದ ಮೇಲ್‌ಗಳನ್ನು ಯಾರೂ ತಿದ್ದುತ್ತಿರಲಿಲ್ಲ ಎಂಬುದು ಮಾತ್ರ ನನಗೆ ಹೊಳೆಯಲೇ ಇಲ್ಲ.

ಈ ಸಂಚಿಕೆಗೆ ಹಳೇ ಫೋಟೋ ಕೇಳಿದ್ದರಿಂದ ಹೋದ ತಿಂಗಳು ಅಟ್ಟ ಹತ್ತಿದೆ. ಫೋಟೋ ಸಿಗಲಿಲ್ಲ, ಹತ್ತನೇ ತರಗತಿಯ ಕಾಂಪೋಸಿಷನ್ ಪುಸ್ತಕ ಸಿಕ್ಕಿತು. ಪುಟ ಪುಟಕ್ಕೂ ಕೆಂಪು ಶಾಯಿ. ನಾನು ‘ಡಿಡ್ ವೆಂಟ್’ ಅಂತ ಬರೆದ ಕಡೆ ಪಕ್ಕದಲ್ಲಿ ಕನ್ನಡದಲ್ಲಿ, ‘ಭೂತಕಾಲದ ಮೂಟೆ ಡಿಡ್ ಹೊತ್ತಿದೆ, ವೆಂಟ್‌ಗೂ ಯಾಕೆ ಹೊರಿಸುತ್ತೀಯ?’ ಇನ್ನೊಂದು ಕಡೆ ನಾನು ‘ಐ’ ಬಿಟ್ಟು ವಾಕ್ಯ ಶುರು ಮಾಡಿದ್ದೆ. ಅಲ್ಲಿ ನಾಲ್ಕು ಸಾಲು: ‘ಹೋದೆ ಅಂದರೆ ನಾನು, ಹೋದಳು ಅಂದರೆ ಅವಳು. ನಮ್ಮ ಕ್ರಿಯಾಪದದ ಬಾಲದಲ್ಲೇ ಆಳು ಕೂತಿರುತ್ತಾನೆ. ವೆಂಟ್‌ಗೆ ಬಾಲ ಇಲ್ಲ. ಆಳನ್ನು ಮುಂದೆ ನಿಲ್ಲಿಸು.’ ಕೆಳಗೆ ಸಹಿ, ತಾರೀಖು 19-12-2004. ಮೊಬೈಲಿನಲ್ಲಿ ನೋಡಿದೆ. ಅದು ಭಾನುವಾರ.

ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಟವಲಿನಲ್ಲಿ ಕಟ್ಟಿದ ಪುಸ್ತಕದ ಗಂಟನ್ನು ಮೇಷ್ಟ್ರ ಬಸ್ಸಿನ ತನಕ ಹೊತ್ತುಕೊಂಡು ಹೋಗುತ್ತಿದ್ದವನು ನಾನೇ. ಸೋಮವಾರ ಇಳಿಸಿಕೊಳ್ಳುತ್ತಿದ್ದವನೂ ನಾನೇ. ನಡುವೆ ಏನಾಗುತ್ತದೆ ಅಂತ ಒಂದು ದಿನವೂ ಯೋಚಿಸಿರಲಿಲ್ಲ. ನಮ್ಮ ತರಗತಿಯಲ್ಲೇ 62 ಮಂದಿ. ಪುಸ್ತಕಕ್ಕೆ ಮೂರು ನಿಮಿಷ ಹಿಡಿದರೂ ಮೂರು ಗಂಟೆ ದಾಟುತ್ತದೆ. ಎಂಟು, ಒಂಬತ್ತನೇ ತರಗತಿಯವು ಬೇರೆ. ನನ್ನ ಕೆಲಸದಲ್ಲೂ ಇನ್ನೊಬ್ಬರು ಬರೆದ ಪ್ರೋಗ್ರಾಮನ್ನು ಓದಿ ತಪ್ಪು ತೋರಿಸುವುದು ಇರುತ್ತದೆ. ದಿನಕ್ಕೆ ನಾಲ್ಕು ನೋಡಿದರೆ ತಲೆನೋವು ಅಂತ ಎದ್ದು ಕಾಫಿಗೆ ಹೋಗುತ್ತೇನೆ.

ಇನ್ನೊಂದು ಸಂಗತಿ. ನಮ್ಮ ತಂಡದ ಒಬ್ಬಳು ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷ್ ಒಂದರಲ್ಲಿ ಫೇಲಾದಳು. 35 ಬೇಕಿತ್ತು, 28 ಬಂದಿತ್ತು. ಮನೆಯಲ್ಲಿ ಇನ್ನು ಸಾಕು ಅಂದರು. ಮೇಷ್ಟ್ರು ಮೂರು ಸಲ ಅವಳ ಮನೆಗೆ ಹೋಗಿ ಅವಳಪ್ಪನನ್ನು ಒಪ್ಪಿಸಿ, ರಜೆಯಲ್ಲಿ ಬೆಳಿಗ್ಗೆ ಪಾಠ ಹೇಳಿ, ಪೂರಕ ಪರೀಕ್ಷೆಗೆ ಕೂರಿಸಿದರು. ಪಾಸಾದಳು. ಆ ಸರ್ಟಿಫಿಕೇಟಿನ ಮೇಲೆ ಮುಂದೆ ಅಂಗನವಾಡಿ ಕಾರ್ಯಕರ್ತೆಯಾದಳು. ಆ ಬೇಸಿಗೆಯಲ್ಲಿ ಶಾಲೆಯ ಬೋರ್ಡಿನ ಮೇಲೆ ನನ್ನ ಹೆಸರು, ಅಂಕ ಬರೆದಿದ್ದರು, ನಾನು ದಿನಾ ಹೋಗಿ ನೋಡಿ ಬರುತ್ತಿದ್ದೆ. ಪಕ್ಕದ ಕೋಣೆಯಲ್ಲಿ ನಡೆಯುತ್ತಿದ್ದ ಪಾಠ ಕಿವಿಗೆ ಬೀಳುತ್ತಿತ್ತು. ಅಷ್ಟೆಲ್ಲ ಕಣ್ಣಾರೆ ಕಂಡವನು, ಇಂಗ್ಲಿಷ್ ಯಾರು ಕಲಿಸ್ತಾರೆ ಅಂದುಬಿಟ್ಟೆ. ಸಾರ್, ತಪ್ಪಾಯಿತು.

ನಮ್ಮ ತಂಡದಿಂದ ಶಾಲೆಗೆ ಸ್ಮಾರ್ಟ್ ಬೋರ್ಡ್ ಕೊಡಿಸೋಣ ಅಂತ ಮಾತಾಗಿತ್ತು. ಈಗಿನ ಗಣಿತದ ಮೇಷ್ಟ್ರನ್ನು ಕೇಳಿದರೆ, ಗ್ರಾಫ್ ಹಾಳೆ, ಕಂಪಾಸ್ ಬಾಕ್ಸ್ ಕೊಡಿ, ಅರ್ಧ ಮಕ್ಕಳ ಹತ್ತಿರ ಇಲ್ಲ ಅಂದರು. ಹಾಗೇ ಮಾಡಿದ್ದೇವೆ. ಪೆಟ್ಟಿಗೆಗಳು ಆಫೀಸಿನಲ್ಲಿವೆ. ಇಂಗ್ಲಿಷ್‌ಗೆ ಏನು ಬೇಕು ಎಂಬುದನ್ನು ಆ ವಿಷಯದ ಶಿಕ್ಷಕರೇ ಹೇಳಲಿ, ನಾವು ಊಹಿಸುವುದು ಬೇಡ.

ಕೊನೆಗೆ ಒಂದು. ಆ ಪುಸ್ತಕದ ಕಡೇ ಪುಟದಲ್ಲಿ ‘ತಪ್ಪಾದ ವಾಕ್ಯಗಳನ್ನು ಐದೈದು ಸಲ ಬರೆದು ತೋರಿಸು’ ಎಂದಿದೆ. ನಾನು ತೋರಿಸಿರಲಿಲ್ಲ. ನಿನ್ನೆ ರಾತ್ರಿ ಬರೆದೆ. ಪುಸ್ತಕ ತಂದಿದ್ದೇನೆ ಸಾರ್, ಊಟಕ್ಕೆ ಮೊದಲು ಒಮ್ಮೆ ನೋಡಿಕೊಡಿ.