ಉಳಿದ ವೇಳೆಯಲ್ಲ, ಮೀಸಲಿಟ್ಟ ವೇಳೆ

(ಶ್ರೀಮಠದ ಸಾಂತಾಕ್ರೂಜ್ ಶಾಖೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಶ್ರೀಹರಿವಾಯುಗುರುಗಳ ಚರಣಾರವಿಂದಗಳಿಗೆ ನಮಿಸಿ ನನ್ನ ನಾಲ್ಕು ಮಾತುಗಳನ್ನು ಆರಂಭಿಸುತ್ತೇನೆ. ನಮ್ಮ ಆದ್ಯತೆಗಳನ್ನು ಕಾಯ್ದುಕೊಂಡು ಗುರಿಯನ್ನು ಸೇರುವ ಬಗೆ ಹೇಗೆ ಎಂಬ ವಿಷಯದ ಮೇಲೆ ಮಾತನಾಡಬೇಕೆಂದು ಆದೇಶವಾಗಿದೆ. ನಾನು ಶಾಸ್ತ್ರಾಧ್ಯಯನ ಮಾಡಿದ ಪಂಡಿತನಲ್ಲ. ಡಿಪ್ಲೊಮಾ ಪಡೆದು ರೈಲ್ವೆಯ ಹಳಿಗಳ ನಿರ್ವಹಣೆಯಲ್ಲಿ ಆಯುಷ್ಯದ ಬಹುಭಾಗವನ್ನು ಕಳೆದವನು. ಆದುದರಿಂದ ಪಂಡಿತರಿಂದ ಕೇಳಿ ತಿಳಿದುದನ್ನೂ ಹಳಿಯ ಪಕ್ಕದಲ್ಲಿ ನಿಂತು ಕಲಿತುದನ್ನೂ ಜೊತೆಗೂಡಿಸಿ ನಿಮ್ಮ ಮುಂದಿಡುತ್ತೇನೆ. ತಪ್ಪಿದ್ದಲ್ಲಿ ಬಲ್ಲವರು ತಿದ್ದಬೇಕಾಗಿ ವಿನಂತಿ.

ಮುಂಬಯಿಯಲ್ಲಿ ವಾಸಿಸುವ ನಮ್ಮನ್ನು ಸೋಮಾರಿಗಳೆಂದು ಯಾರೂ ಹೇಳಲಾರರು. ಬೆಳಗಿನ ಲೋಕಲ್ ಹಿಡಿದು ಹೊರಟವರು ರಾತ್ರಿ ಮನೆ ಸೇರುವಾಗ ಮಕ್ಕಳು ನಿದ್ರಿಸಿರುವುದುಂಟು. ಆದರೂ ವರ್ಷದ ಕೊನೆಯಲ್ಲಿ ಕುಳಿತು ಲೆಕ್ಕ ಹಾಕಿದರೆ, ಯಾವುದು ಅತ್ಯಂತ ಮುಖ್ಯವೆಂದು ನಾವೇ ಹೇಳಿಕೊಂಡಿದ್ದೆವೋ ಅದೊಂದನ್ನು ಬಿಟ್ಟು ಉಳಿದೆಲ್ಲವೂ ನಡೆದುಹೋಗಿರುತ್ತದೆ. ಹರಿಕಥಾಮೃತಸಾರದ ಪುಸ್ತಕ ಕಪಾಟಿನಲ್ಲಿಯೇ ಇದೆ. ಮಗನಿಗೆ ಕನ್ನಡ ಓದಲು ಕಲಿಸಬೇಕೆಂಬ ಸಂಕಲ್ಪ ಸಂಕಲ್ಪವಾಗಿಯೇ ಇದೆ. ಊರಿನಲ್ಲಿರುವ ವೃದ್ಧ ತಾಯಿಯೊಡನೆ ಹದಿನೈದು ದಿನ ಇದ್ದು ಬರುವ ಮಾತು ಮುಂದಿನ ರಜೆಗೆ ಹೋಗಿದೆ. ಕೇಳಿದರೆ ಎಲ್ಲರದೂ ಒಂದೇ ಉತ್ತರ: “ಸಮಯ ಸಿಗಲಿಲ್ಲ.”

ಈ ಉತ್ತರ ಸುಳ್ಳಲ್ಲ. ಸಮಯ ಸಿಗಲಿಲ್ಲವೆಂಬುದು ನಿಜ. ಸಮಯವು ತಾನಾಗಿ ಸಿಗುವ ವಸ್ತುವೇ ಅಲ್ಲ ಎಂಬುದು ಅದಕ್ಕಿಂತಲೂ ದೊಡ್ಡ ನಿಜ. ಇದನ್ನು ನನಗೆ ಮನದಟ್ಟು ಮಾಡಿಸಿದ್ದು ರೈಲು ಹಳಿ.

ಭಾನುವಾರಗಳಂದು ಪಶ್ಚಿಮ ರೈಲ್ವೆಯಲ್ಲಿ ಸಾಂತಾಕ್ರೂಜ್‌ನಿಂದ ಗೋರೆಗಾಂವ್‌ವರೆಗೆ ಜಂಬೋ ಬ್ಲಾಕ್ ಎಂಬ ಪ್ರಕಟಣೆಯನ್ನು ನೀವೆಲ್ಲ ಎಷ್ಟೋ ಬಾರಿ ಓದಿ ಬೇಸರಪಟ್ಟಿರಬಹುದು. ಅದರ ಒಳಗುಟ್ಟನ್ನು ಸ್ವಲ್ಪ ವಿವರಿಸುತ್ತೇನೆ. ಹಳಿ ಸವೆಯುತ್ತದೆ, ಸ್ಲೀಪರುಗಳ ಕೆಳಗಿನ ಜಲ್ಲಿ ಕುಸಿಯುತ್ತದೆ, ಸಿಗ್ನಲ್ಲುಗಳನ್ನೂ ಮೇಲಿನ ವಿದ್ಯುತ್ ತಂತಿಯನ್ನೂ ಪರೀಕ್ಷಿಸಬೇಕಾಗುತ್ತದೆ. ಆದರೆ ನಿಬಿಡ ವೇಳೆಯಲ್ಲಿ ಮೂರು ನಾಲ್ಕು ನಿಮಿಷಕ್ಕೊಂದು ಗಾಡಿ ಓಡುವ ಮಾರ್ಗದಲ್ಲಿ ದುರಸ್ತಿಗೆ ಬಿಡುವೆಲ್ಲಿ? ರಾತ್ರಿ ಒಂದರ ಸುಮಾರಿಗೆ ಕೊನೆಯ ಲೋಕಲ್ ಹೋದ ಮೇಲೆ, ನಾಲ್ಕರ ಸುಮಾರಿಗೆ ಮೊದಲನೆಯದು ಹೊರಡುವ ತನಕ ಸಿಗುವ ಅವಧಿ ಬಹಳ ಕಿರಿದು. ಗಾಡಿಗಳೆಲ್ಲ ಓಡಿ ಮುಗಿದು, ಉಳಿದ ವೇಳೆಯಲ್ಲಿ ಮಾತ್ರ ಹಳಿ ನೋಡಿಕೊಳ್ಳೋಣವೆಂದರೆ ಕೆಲವೇ ತಿಂಗಳಲ್ಲಿ ಗಾಡಿಗಳೇ ಓಡಲಾರವು. ಆದುದರಿಂದಲೇ ವೇಳಾಪಟ್ಟಿಯಿಂದ ಕೆಲವು ಗಂಟೆಗಳನ್ನು ಮೊದಲೇ ಬೇಡಿ ಪಡೆದು, ಊರಿಗೆಲ್ಲ ತಿಳಿಸಿ, ಗಾಡಿಗಳನ್ನು ಬೇರೆ ಮಾರ್ಗಕ್ಕೆ ತಿರುಗಿಸಿ ಅಥವಾ ರದ್ದುಮಾಡಿ, ಕೆಲಸ ಮಾಡುತ್ತಾರೆ. ಇದೇ ಬ್ಲಾಕ್. ಅದು ಜಾರಿಯಲ್ಲಿರುವಷ್ಟು ಹೊತ್ತು ಆ ಹಳಿಯ ಮೇಲೆ ಎಂತಹ ಮೇಲ್ ಗಾಡಿಯೂ ಬರುವಂತಿಲ್ಲ.

ನಮ್ಮ ಬದುಕಿನಲ್ಲಿಯೂ ಗಾಡಿಗಳ ಸಾಲು ಮುಗಿಯುವುದಿಲ್ಲ. ಕಛೇರಿ, ಮದುವೆ, ಸೊಸೈಟಿಯ ಸಭೆ, ದೂರವಾಣಿ, ದೂರದರ್ಶನ, ಈಗ ಕೈಯಲ್ಲಿರುವ ಮೊಬೈಲು, ಒಂದರ ಹಿಂದೆ ಒಂದು ಬರುತ್ತಲೇ ಇರುತ್ತವೆ. ಎಲ್ಲವೂ ಕೆಟ್ಟವಲ್ಲ, ಬಹುಪಾಲು ಅಗತ್ಯವಾದವುಗಳೇ. ಅವೆಲ್ಲ ಮುಗಿದ ಮೇಲೆ ಮುಖ್ಯವಾದುದನ್ನು ಮಾಡೋಣ ಎಂಬವನು ಎಂದೂ ಮಾಡಲಾರ. ನಾನು ಹೇಳಬೇಕೆಂದಿರುವುದು ಇದೊಂದನ್ನೇ: ಮುಖ್ಯವಾದುದಕ್ಕೆ ಕೊಡಬೇಕಾದುದು ಉಳಿದ ವೇಳೆಯನ್ನಲ್ಲ, ಮೀಸಲಿಟ್ಟ ವೇಳೆಯನ್ನು.

ಇದು ನಮ್ಮಿಂದಾಗದ ಮಾತೆಂದು ಯಾರೂ ಭಾವಿಸಬೇಕಾಗಿಲ್ಲ. ನಮ್ಮ ಹಿರಿಯರು ಇದನ್ನು ನಮಗೆ ಬಾಲ್ಯದಿಂದಲೇ ಅಭ್ಯಾಸ ಮಾಡಿಸಿದ್ದಾರೆ. ಏಕಾದಶಿಯನ್ನು ನೋಡಿರಿ. ಪಕ್ಷಕ್ಕೊಮ್ಮೆ ಬರುವ ಆ ದಿನ, ಅನುಕೂಲವಾದರೆ ಉಪವಾಸ ಮಾಡೋಣ ಎಂದು ನಮ್ಮ ಮನೆಗಳಲ್ಲಿ ಯಾರೂ ಹೇಳುವುದಿಲ್ಲ. ಅಂದು ಕಛೇರಿಯಲ್ಲಿ ಔತಣವಿದ್ದರೂ ಸರಿ, ಇದಿರು ಮನೆಯಲ್ಲಿ ಹುಟ್ಟುಹಬ್ಬವಿದ್ದರೂ ಸರಿ, “ಇಂದು ನನಗೆ ಏಕಾದಶಿ” ಎಂದು ನಗುತ್ತ ಹೇಳಿ ಸುಮ್ಮನಾಗುತ್ತೇವೆ. ಸಹೋದ್ಯೋಗಿಗಳಿಗೂ ಅದು ಅಭ್ಯಾಸವಾಗಿ, ಯಾರೂ ಒತ್ತಾಯಿಸುವುದಿಲ್ಲ. ಪಂಚಾಂಗದಲ್ಲಿ ದಿನ ಮೊದಲೇ ಗೊತ್ತಾಗಿದೆ. ನಮ್ಮ ಮನಸ್ಸಿನಲ್ಲಿ ಅದರ ಬಗೆಗೆ ಚರ್ಚೆಯಿಲ್ಲ. ಆದುದರಿಂದಲೇ ಅದು ನಡೆಯುತ್ತದೆ. ತಿಂಗಳಿಗೆ ಎರಡು ದಿನ ಹಸಿವೆಯನ್ನೇ ನಿಲ್ಲಿಸಬಲ್ಲವರಿಗೆ ದಿನಕ್ಕೆ ಅರ್ಧ ಗಂಟೆ ಮೊಬೈಲನ್ನು ನಿಲ್ಲಿಸುವುದು ಅಸಾಧ್ಯವೆ?

ಹಾಗಾದರೆ ಯಾವುದಕ್ಕೆ ಮೀಸಲಿಡಬೇಕು? ಇಲ್ಲಿ ನಮ್ಮ ಸಿದ್ಧಾಂತದ ಎರಡು ಮಾತುಗಳು ಬಹಳ ಉಪಯುಕ್ತ. ಮೊದಲನೆಯದು ತಾರತಮ್ಯ. ಜಗತ್ತು ಸತ್ಯ, ಭೇದ ಸತ್ಯ, ಎಲ್ಲವೂ ಸಮಾನವಲ್ಲವೆಂದು ಶ್ರೀಮದಾಚಾರ್ಯರು ಸಾರಿದರು. ಕರ್ತವ್ಯಗಳಲ್ಲಿಯೂ ಹಿರಿದು ಕಿರಿದು ಇದ್ದೇ ಇದೆ. ಹತ್ತು ಗುರಿಗಳನ್ನು ಬರೆದಿಟ್ಟುಕೊಂಡು ಎಲ್ಲವೂ ಮುಖ್ಯವೆನ್ನುವವನಿಗೆ ಯಾವುದೂ ಮುಖ್ಯವಲ್ಲ. ಗೀತೆಯ ಎರಡನೆಯ ಅಧ್ಯಾಯದಲ್ಲಿ ಭಗವಂತನು, ನಿಶ್ಚಯವುಳ್ಳ ಬುದ್ಧಿಗೂ ಕವಲೊಡೆದ ಬುದ್ಧಿಗೂ ಇರುವ ಅಂತರವನ್ನು ತಿಳಿಸಿರುವುದು ಇದಕ್ಕಾಗಿಯೇ. ಎರಡನೆಯದು ಸ್ವಯೋಗ್ಯತೆ. ಪ್ರತಿಯೊಬ್ಬ ಜೀವನಿಗೂ ತನ್ನದೇ ಆದ ಯೋಗ್ಯತೆಯುಂಟು. ಸಾಧನೆಯೂ ಅದಕ್ಕೆ ಅನುಗುಣವಾದುದು. ಪಕ್ಕದ ಮನೆಯ ಹುಡುಗ ಸಾಫ್ಟ್‌ವೇರ್ ಇಂಜಿನಿಯರ್ ಆದನೆಂದು ನಮ್ಮ ಮಗಳ ಗುರಿಯೂ ಅದೇ ಆಗಬೇಕಾಗಿಲ್ಲ. ಬೇರೊಬ್ಬರಿಂದ ಎರವಲು ತಂದ ಗುರಿಗೆ ಮನಸ್ಸು ಬಹಳ ದಿನ ಬ್ಲಾಕ್ ಕೊಡುವುದಿಲ್ಲ.

ಆದ್ಯತೆಯನ್ನು ಕಾಯ್ದುಕೊಂಡವರ ಉದಾಹರಣೆಯನ್ನು ಹುಡುಕಲು ಈ ಪೇಜಾವರ ಮಠದ ಸಭಾಂಗಣದಲ್ಲಿ ಕುಳಿತ ನಾವು ದೂರ ಹೋಗಬೇಕಾಗಿಲ್ಲ. 2019ರ ಡಿಸೆಂಬರ್ 29ರಂದು ಹರಿಪದವನ್ನು ಸೇರಿದ ಶ್ರೀ ಶ್ರೀ ವಿಶ್ವೇಶತೀರ್ಥ ಶ್ರೀಪಾದಂಗಳವರು 1931ರಲ್ಲಿ ರಾಮಕುಂಜದಲ್ಲಿ ಅವತರಿಸಿ, 1938ರಲ್ಲಿ, ಇನ್ನೂ ಬಾಲಕರಾಗಿದ್ದಾಗಲೇ ಸನ್ಯಾಸ ಸ್ವೀಕರಿಸಿದರು. ಶ್ರೀ ವಿದ್ಯಾಮಾನ್ಯತೀರ್ಥರಲ್ಲಿ ಶಾಸ್ತ್ರಾಭ್ಯಾಸ ಮಾಡಿದರು. 1952, 1968, 1984, 2000 ಮತ್ತು 2016ರಲ್ಲಿ, ಹೀಗೆ ಐದು ಬಾರಿ ಪರ್ಯಾಯ ಪೀಠವನ್ನು ಏರಿದರು. ದೇಶದ ಉದ್ದಗಲಕ್ಕೂ ಸಂಚಾರ, ಸಭೆಗಳು, ಸೇವಾಕಾರ್ಯಗಳು, ನೆರೆ ಬರಗಳಲ್ಲಿ ನೆರವು, ದರ್ಶನಕ್ಕೆ ಕಾದವರ ಸಾಲು. ಅವರಷ್ಟು ಕಾರ್ಯಬಾಹುಳ್ಯ ನಮ್ಮಲ್ಲಿ ಯಾರಿಗಿದೆ? ಆದರೆ ಎರಡು ವಿಷಯಗಳನ್ನು ಅವರು ಎಂದೂ ಉಳಿದ ವೇಳೆಗೆ ಬಿಡಲಿಲ್ಲ. ಒಂದು ದೇವರ ಪೂಜೆ, ಮತ್ತೊಂದು ಪಾಠ.

1956ರಲ್ಲಿ ಬೆಂಗಳೂರಿನಲ್ಲಿ ಪೂರ್ಣಪ್ರಜ್ಞ ವಿದ್ಯಾಪೀಠವನ್ನು ಸ್ಥಾಪಿಸಿದಾಗ ಅವರಿಗೆ ಇಪ್ಪತ್ತೈದು ವರ್ಷ. ಅಲ್ಲಿಯ ವಿದ್ಯಾರ್ಥಿಗಳು ಹತ್ತು ಹನ್ನೆರಡು ವರ್ಷ ಓದಿ, ಕೊನೆಗೆ ಶ್ರೀ ಜಯತೀರ್ಥರ ನ್ಯಾಯಸುಧೆಯ ಪಾಠಕ್ಕೆ ಬರುವ ಹೊತ್ತಿಗೆ, ಶ್ರೀಪಾದಂಗಳವರ ಸಂಚಾರ ನಿಲ್ಲುವಂತಿರಲಿಲ್ಲ. ಪಾಠವೂ ನಿಲ್ಲುವಂತಿರಲಿಲ್ಲ. ಹಾಗಾಗಿ ವಿದ್ಯಾರ್ಥಿಗಳೇ ಅವರೊಡನೆ ಸಂಚಾರ ಮಾಡಿದರು. ಪ್ರಯಾಣದಲ್ಲಿಯೂ ಪಾಠ ನಡೆಯಿತು. ಹಲವಾರು ಸುಧಾಮಂಗಳಗಳು ಹೀಗೆ ನೆರವೇರಿದವು. ಸಂಚಾರ ಮುಗಿದ ಮೇಲೆ ಪಾಠವೆಂದು ಅವರು ಎಂದಿದ್ದರೆ ಇಂದು ನಮ್ಮ ಮಠಗಳಲ್ಲಿ ಪ್ರವಚನ ಮಾಡುತ್ತಿರುವ ಎಷ್ಟೋ ವಿದ್ವಾಂಸರನ್ನು ನಾವು ಕಾಣುತ್ತಲೇ ಇರಲಿಲ್ಲ.

ಅವರು ಯತಿಗಳು, ನಾವು ಸಂಸಾರಿಗಳು ಎಂದು ಕೆಲವರು ಹೇಳಬಹುದು. ಹಾಗಾದರೆ ನಮ್ಮ ಊರಿನಿಂದಲೇ ಬಂದ ಸಾಮಾನ್ಯ ಹುಡುಗರನ್ನು ನೆನೆಯಿರಿ. ಕರಾವಳಿಯಿಂದ ಬರಿಗೈಯಲ್ಲಿ ಬಂದು, ಹೊಟೇಲಿನಲ್ಲಿ ಹಗಲೆಲ್ಲ ಲೋಟ ತೊಳೆದು, ಸಂಜೆ ರಾತ್ರಿಶಾಲೆಗೆ ಹೋದವರು ಈ ನಗರದಲ್ಲಿ ಅಸಂಖ್ಯ. ಮೊಗವೀರ ರಾತ್ರಿ ಪ್ರೌಢಶಾಲೆ, ಗುರುನಾರಾಯಣ ರಾತ್ರಿ ಪ್ರೌಢಶಾಲೆ ಮೊದಲಾದವನ್ನು ನಮ್ಮ ಕನ್ನಡಿಗ ಸಮಾಜಗಳು ನಡೆಸಿದ್ದು ಇಂತಹ ಮಕ್ಕಳಿಗಾಗಿಯೇ. ಅಲ್ಲಿ ಕಲಿತವರಲ್ಲಿ ಬ್ಯಾಂಕು ಸೇರಿದವರು, ವಕೀಲರಾದವರು, ಸ್ವಂತ ಉದ್ಯಮ ಕಟ್ಟಿದವರು ಉಂಟು. ಅವರಿಗೆ ಬಿಡುವು ಎಲ್ಲಿತ್ತು? ದಣಿದ ದೇಹದಿಂದ ಎರಡು ಗಂಟೆಯನ್ನು ಕಸಿದುಕೊಂಡು ಅದನ್ನು ಪುಸ್ತಕಕ್ಕೆ ಕೊಟ್ಟರು, ಅಷ್ಟೇ. ಪ್ರತ್ಯೇಕ ಕೋಣೆ, ತಂಪು ಗಾಳಿ, ತರಬೇತಿ ತರಗತಿ ಎಲ್ಲವೂ ಇರುವ ಇಂದಿನ ನಮ್ಮ ಮಕ್ಕಳು ಇದನ್ನು ಗಮನಿಸಬೇಕು.

ವೇಳೆಯನ್ನು ಮೀಸಲಿಟ್ಟ ಮೇಲೆ ಯೋಜನೆ ಬೇಕು. ಇದಕ್ಕೆ ಉಡುಪಿಯ ಪರ್ಯಾಯಕ್ಕಿಂತ ಉತ್ತಮ ಪಾಠ ಬೇರೊಂದಿಲ್ಲ. ಎರಡು ವರ್ಷಕ್ಕೊಮ್ಮೆ ಜನವರಿ 18ರಂದು ಪರ್ಯಾಯ ಎಂಬುದು ಸ್ಥಿರ. ಆ ದಿನದಿಂದ ಹಿಮ್ಮುಖವಾಗಿ ಎಣಿಸಿ ನಾಲ್ಕು ಮುಹೂರ್ತಗಳನ್ನು ನಡೆಸುತ್ತಾರೆ: ಬಾಳೆ, ಅಕ್ಕಿ, ಕಟ್ಟಿಗೆ, ಭತ್ತ. ಬಾಳೆ ಮುಹೂರ್ತವೇ ಮೊದಲೇಕೆ? ನನ್ನ ಇಂಜಿನಿಯರ್ ಬುದ್ಧಿಗೆ ಹೊಳೆಯುವುದು ಇಷ್ಟು: ಬಾಳೆಯ ಸಸಿ ಬೆಳೆದು ಎಲೆ ಗೊನೆ ಕೊಡಲು ಸುಮಾರು ಒಂದು ವರ್ಷ ಬೇಕು, ಅದನ್ನು ಹಣ ಕೊಟ್ಟು ಅವಸರಪಡಿಸಲಾಗದು. ಅಧಿಕ ಕಾಲ ಬೇಡುವ ಕೆಲಸವನ್ನು ಮೊದಲು ಆರಂಭಿಸಬೇಕು. ಕಟ್ಟಿಗೆಯನ್ನು ರಥದ ಆಕಾರದಲ್ಲಿ ಒಟ್ಟಿ ಒಣಗಲು ಬಿಡುವುದರಲ್ಲಿಯೂ ಇದೇ ವಿವೇಕವುಂಟು. ಆಧುನಿಕ ಯೋಜನಾಶಾಸ್ತ್ರ ದೊಡ್ಡ ದೊಡ್ಡ ನಕ್ಷೆಗಳಲ್ಲಿ ಹೇಳುವುದನ್ನು ನಮ್ಮ ಹಿರಿಯರು ಒಂದು ಬಾಳೆಯ ಸಸಿಯಲ್ಲಿ ಹೇಳಿದ್ದಾರೆ.

ನಮ್ಮನ್ನೆಲ್ಲ ಊರಿಗೆ ಹತ್ತಿರ ಮಾಡಿದ ಕೊಂಕಣ ರೈಲ್ವೆಯಲ್ಲಿಯೂ ಇದೇ ಕ್ರಮವಿತ್ತು. 1990ರಲ್ಲಿ ಆರಂಭವಾದ ಆ ಸಂಸ್ಥೆಯ ಮುಖ್ಯಸ್ಥರಾಗಿದ್ದ ಶ್ರೀ ಇ. ಶ್ರೀಧರನ್ ಅವರು, ಕೆಲಸ ಮುಗಿಯಲು ಇನ್ನೆಷ್ಟು ದಿನ ಉಳಿದಿದೆಯೆಂದು ತೋರಿಸುವ ಹಿಮ್ಮುಖ ಗಡಿಯಾರಗಳನ್ನು ಇರಿಸಿದರು. ರೋಹಾದಿಂದ ಮಂಗಳೂರಿನ ಬಳಿಯ ತೋಕೂರಿನವರೆಗೆ ಸುಮಾರು 740 ಕಿಲೋಮೀಟರ್. ತೊಂಬತ್ತಕ್ಕೂ ಹೆಚ್ಚು ಸುರಂಗಗಳು, ಸುಮಾರು ಎರಡು ಸಾವಿರ ಸೇತುವೆಗಳು. ಐದು ವರ್ಷದಲ್ಲಿ ಮುಗಿಸಬೇಕೆಂಬ ಗುರಿಯಿದ್ದರೂ, ಮೆದು ಮಣ್ಣಿನ ಸುರಂಗಗಳು ಕುಸಿದು, ಅಡೆತಡೆಗಳು ಬಂದು, ಪೂರ್ಣ ಮಾರ್ಗ ತೆರೆದದ್ದು 1998ರ ಜನವರಿ 26ರಂದು. ಇದರಿಂದಲೂ ಕಲಿಯುವುದಿದೆ. ದಿನ ಜಾರಿತು, ಗುರಿ ಜಾರಲಿಲ್ಲ. ಪ್ರಯತ್ನ ನಮ್ಮದು, ನಾವು ಪರತಂತ್ರರು, ಫಲ ಸ್ವತಂತ್ರನಾದ ಶ್ರೀಹರಿಯ ಅಧೀನ. ಇದನ್ನು ಬಲ್ಲವನು ತಡವಾದುದಕ್ಕೆ ಕುಗ್ಗಿ ಕೆಲಸವನ್ನು ಬಿಡುವುದಿಲ್ಲ, ಬೇಗ ಮುಗಿದುದಕ್ಕೆ ಹಿಗ್ಗಿ ಮೈಮರೆಯುವುದೂ ಇಲ್ಲ.

ಬ್ಲಾಕಿನ ನಿಯಮಗಳಿಂದ ಇನ್ನೆರಡು ಮಾತುಗಳನ್ನು ಹೇಳಿ ಮುಗಿಸುತ್ತೇನೆ. ಮೊದಲನೆಯದು, ಬ್ಲಾಕ್ ಆರಂಭವಾಗುವ ಮೊದಲೇ ಸಲಕರಣೆ, ಸಾಮಗ್ರಿ, ಆಳುಗಳು ಸ್ಥಳದಲ್ಲಿರಬೇಕು. ಗಾಡಿ ನಿಂತ ಮೇಲೆ ಸ್ಪ್ಯಾನರ್ ಹುಡುಕಿದರೆ ದೊರೆತ ವೇಳೆ ಹುಡುಕಾಟದಲ್ಲಿಯೇ ಹೋಗುತ್ತದೆ. ನಾಳೆ ಓದಬೇಕಾದ ಪುಸ್ತಕವನ್ನು ಇಂದು ರಾತ್ರಿಯೇ ಗುರುತಿಟ್ಟು ಮೇಜಿನ ಮೇಲಿರಿಸಿರಿ. ಎರಡನೆಯದು, ಬ್ಲಾಕನ್ನು ಹೇಳಿದ ಹೊತ್ತಿಗೆ ಹಿಂದಿರುಗಿಸಬೇಕು. ನನಗೆ ಸಾಧನೆಯಿದೆ ಎಂದು ಹೇಳಿ ಮನೆಯ ಭಾರವನ್ನೆಲ್ಲ ಹೆಂಡತಿಯ ತಲೆಯ ಮೇಲೆ ಹೊರಿಸುವುದು ಆದ್ಯತೆಯಲ್ಲ, ಸ್ವಾರ್ಥ. ಅಷ್ಟೇ ಅಲ್ಲ, ಆ ತಾಯಿಗೂ ತನ್ನದೇ ಆದ ಗುರಿಯುಂಟು, ಸ್ವಯೋಗ್ಯತೆಯುಂಟು. ಅವಳ ಅರ್ಧ ಗಂಟೆಯ ಸಮಯದಲ್ಲಿ ಅಡುಗೆಮನೆಯ ಕರೆಯನ್ನು ನಾವು ನೋಡಿಕೊಳ್ಳಬೇಕು.

ನಿವೃತ್ತಿಯಾದ ಮೇಲೆ ಎಲ್ಲವನ್ನೂ ಮಾಡುತ್ತೇನೆ ಎಂಬ ಮಾತನ್ನು ನಾನು ಸಹೋದ್ಯೋಗಿಗಳ ಬಾಯಿಂದ ಲೆಕ್ಕವಿಲ್ಲದಷ್ಟು ಬಾರಿ ಕೇಳಿದ್ದೇನೆ. ಸರ್ವಮೂಲವನ್ನು ಓದುವೆನೆಂದು ಪುಸ್ತಕಗಳನ್ನು ಕೊಂಡಿಟ್ಟವರೊಬ್ಬರು ನಿವೃತ್ತಿಯಾಗುವ ವೇಳೆಗೆ ಕಣ್ಣಿನ ಶಕ್ತಿ ಕುಂದಿತು. ತಂದೆಯವರನ್ನು ಕಾಶಿ ಬದರಿಗೆ ಕರೆದೊಯ್ಯುವೆನೆಂದಿದ್ದ ಇನ್ನೊಬ್ಬರಿಗೆ ಆ ಕಾಲ ಬಂದಾಗ ತಂದೆಯವರೇ ಇರಲಿಲ್ಲ. ಮತ್ತೊಬ್ಬರು ನಿವೃತ್ತಿಯ ವರ್ಷವನ್ನೇ ಕಾಣಲಿಲ್ಲ. ಪಿಂಚಣಿ ಸರಿಯಾಗಿ ಬರುತ್ತದೆ. ಆಯುಷ್ಯಕ್ಕೆ ಮಾತ್ರ ಅಂತಹ ಭರವಸೆಯನ್ನು ಯಾವ ಇಲಾಖೆಯೂ ಕೊಟ್ಟಿಲ್ಲ. ಬಾಳೆಯ ಸಸಿಯನ್ನು ಇಂದೇ ನೆಡಬೇಕು.

ಆದುದರಿಂದ ತಮ್ಮಲ್ಲಿ ನನ್ನ ಪ್ರಾರ್ಥನೆ ಇಷ್ಟೇ. ಇಂದು ಪ್ರಸಾದ ಸ್ವೀಕರಿಸಿ ಮನೆಗೆ ಹೋದ ಬಳಿಕ, ಮನೆಯವರೆಲ್ಲ ಒಟ್ಟಾಗಿ ಕುಳಿತು, ಪ್ರತಿಯೊಬ್ಬರೂ ಒಂದೇ ಒಂದು ಗುರಿಯನ್ನು ಕಾಗದದ ಮೇಲೆ ಬರೆಯಿರಿ. ಅದಕ್ಕೆ ದಿನದಲ್ಲಿ ಅರ್ಧ ಗಂಟೆಯನ್ನು, ಯಾವಾಗ ಎಂಬುದನ್ನೂ ಸೇರಿಸಿ, ನಿಗದಿಪಡಿಸಿರಿ. ಅದನ್ನು ಮನೆಯವರಿಗೆಲ್ಲ ತಿಳಿಸಿ, ದೇವರ ಕೋಣೆಯ ಪಂಚಾಂಗದ ಪಕ್ಕದಲ್ಲಿ ಅಂಟಿಸಿರಿ. ಏಕಾದಶಿಗೆ ಕೊಡುವ ಗೌರವವನ್ನೇ ಅದಕ್ಕೂ ಕೊಡಿರಿ. ಉಳಿದುದನ್ನು ಉಡುಪಿಯ ಶ್ರೀಕೃಷ್ಣನೂ ಮುಖ್ಯಪ್ರಾಣದೇವರೂ ನೋಡಿಕೊಳ್ಳುವರು.



॥ ಶ್ರೀಕೃಷ್ಣಾರ್ಪಣಮಸ್ತು ॥